ಕುದುರೆ ಮೈಮೇಲಿನ ಹುಣ್ಣು: ಮುಲಾಮು ಹಚ್ಚೋಕ್ ಮುಂಚೆ ಏನೇನ್ ನೋಡ್ಬೇಕು, ಯಾವ್ದಾದ್ಮೇಲೆ ಯಾವ್ದು ಮಾಡ್ಬೇಕು

ದಾವಣಗೆರೆ, ಹರಿಹರ, ಚಳ್ಳಕೆರೆ, ಹಿರಿಯೂರು ಕಡೆ ಕುದುರೆ ಇಟ್ಕಂಡಿರೋರು ವಾಟ್ಸಪ್‌ನಲ್ಲಿ ಕಳಿಸೋ ಫೋಟೋ ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಹುಣ್ಣಿನ ಮೇಲೆ ಅರಿಶಿಣ, ಅದರ ಮೇಲೆ ನೇರಳೆ ಬಣ್ಣದ ಔಷಧಿ, ಅದರ ಮೇಲೆ ಮೆಡಿಕಲ್ ಶಾಪ್‌ನೋರು ಕೊಟ್ಟ ಯಾವ್ದೋ ಮುಲಾಮು, ಸುತ್ತ ಕೂದಲು ಅಂಟಿಕೊಂಡು ಗಟ್ಟಿಯಾಗಿರುತ್ತೆ. ಕೆಳಗೆ ಒಂದು ಸಾಲು: "ಅಣ್ಣ, ಎರಡು ತಿಂಗಳಾತು, ವಾಸಿ ಆಗ್ತಿಲ್ಲ, ಬೇರೆ ಯಾವ ಮುಲಾಮು ಹಚ್ಲಿ?"

ಮುಲಾಮು ಹುಡುಕೋದು ಕೊನೇ ಕೆಲಸ ಕಣ್ರಿ. ಹುಣ್ಣು ಎಲ್ಲಿ ಎದ್ದೈತೆ, ಯಾಕೆ ಎದ್ದೈತೆ ಅಂತ ಗೊತ್ತಾಗಿ, ಆ ಕಾರಣ ತೆಗೆದು, ತೊಳೆದ ಮೇಲೆ ಅರ್ಧಕ್ಕರ್ಧ ಹುಣ್ಣಿಗೆ ಔಷಧಿ ಬಹಳ ಬೇಕಾಗೋದೇ ಇಲ್ಲ. ನಾನು ಡಾಕ್ಟರ್ ಅಲ್ಲ, ನಮ್ಮಪ್ಪ ಜಟಕಾ ಓಡಿಸ್ತಿದ್ರು, ನಾವೀಗ ಮದುವೆ ಮೆರವಣಿಗೆಗೆ ಎರಡು ಕುದುರೆ ಇಟ್ಕಂಡಿದೀವಿ, ಮಾಡಬಾರದ ತಪ್ಪನ್ನೆಲ್ಲಾ ಮಾಡಿ ಆಮೇಲೆ ಪಶು ವೈದ್ಯರ ಹತ್ರ ಬೈಸ್ಕಂಡು ಕಲಿತಿದ್ದು ಇದು.

## ಸಾಮಾನು ಮೊದಲು ಜೋಡಿಸ್ಕಳ್ಳಿ

ಗಾಯ ತೆರೆದ ಮೇಲೆ ಕತ್ತರಿ ಹುಡುಕ್ಕೊಂಡು ಓಡಾಡಬಾರದು. ರಬ್ಬರ್ ಕೈಗವಸು ನಾಲ್ಕೈದು ಜೊತೆ, ಥರ್ಮಾಮೀಟರ್, ತುದಿ ಬಾಗಿರೋ ಕತ್ತರಿ, ಚಿಮಟ, 50 ಎಂಎಲ್ ಸಿರಿಂಜ್, ಗಾಜ್ ಬಟ್ಟೆ, ಪೊವಿಡೋನ್ ಅಯೋಡಿನ್ ಬಾಟ್ಲಿ, ವ್ಯಾಸಲೀನ್, ಟಾರ್ಚು, ಟೈಲರ್ ಟೇಪು, ಇಷ್ಟು ಒಂದು ಡಬ್ಬೀಲಿ ಇರಲಿ. ಹತ್ತಿ ಬೇಡ, ಅದರ ಎಳೆ ಗಾಯದೊಳಗೆ ಸಿಕ್ಕಾಕ್ಕೊಂಡು ಮತ್ತೆ ಕೀವಾಗುತ್ತೆ.

ಉಪ್ಪುನೀರು ಮನೇಲೇ ಮಾಡ್ಕಬಹುದು. ಒಂದು ಲೀಟರ್ ನೀರು ಚೆನ್ನಾಗಿ ಕುದಿಸಿ 9 ಗ್ರಾಂ ಉಪ್ಪು ಹಾಕಿ ಆರಿಸಿ, ಅಳತೆ ಇಲ್ಲ ಅಂದ್ರೆ ಟೀ ಚಮಚದಲ್ಲಿ ಮೇಲೆ ಸಮ ಮಾಡಿ ಒಂದೂವರೆ ಚಮಚ. "ಉಪ್ಪು ಜಾಸ್ತಿ ಹಾಕಿದ್ರೆ ಬೇಗ ಒಣಗುತ್ತೆ" ಅಂತ ಹಿಡಿಗಟ್ಲೆ ಹಾಕಬೇಡಿ, ಹೊಸದಾಗಿ ಬರ್ತಿರೋ ಮಾಂಸ ಸುಟ್ಟಂಗಾಗುತ್ತೆ.

ಕುದುರೆ ಹಿಡಿಯೋಕೆ ಇನ್ನೊಬ್ರು ಬೇಕು, ಅದಕ್ಕೆ ಪರಿಚಯ ಇರೋರೇ ಆಗಬೇಕು. ಗಾಯ ಯಾವ ಪಕ್ಕ ಇದೆಯೋ ಹಿಡಿಯೋರೂ ಅದೇ ಪಕ್ಕ ನಿಲ್ಲಲಿ, ಆಗ ಅದು ಜಗ್ಗಿದ್ರೆ ಅವರು ತಲೆಯನ್ನ ತಮ್ಮ ಕಡೆ ಎಳ್ಕಂಡ್ರೆ ಹಿಂಭಾಗ ನಿಮ್ಮಿಂದ ದೂರ ಹೋಗುತ್ತೆ. ಇದನ್ನ ನಾನು ಕಲಿತಿದ್ದು ತೊಡೆಗೆ ಒಂದು ಒದೆ ತಿಂದ ಮೇಲೆ.

## ಹಂತ 1: ಹುಣ್ಣು ಮುಟ್ಟೋಕ್ ಮುಂಚೆ ಇಡೀ ಕುದುರೆ ನೋಡಿ

ಎಲ್ಲರೂ ಬಿಡೋ ಹಂತ ಇದೇ, ಬಿಟ್ಟರೆ ಮನುಷ್ಯರ ಪ್ರಾಣಕ್ಕೇ ಬರೋ ಹಂತನೂ ಇದೇ. ಕೈಗವಸು ಹಾಕ್ಕಂಡೇ ಶುರು ಮಾಡಿ.

ಮೊದಲು ಜ್ವರ ನೋಡಿ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ್ರೆ ಸುಮ್ನೆ ನಿಂತಿರೋ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ. 102 ದಾಟಿದ್ರೆ ಅದು ಬರೀ ಚರ್ಮದ ತೊಂದರೆ ಅಲ್ಲ ಅಂತ ತಿಳ್ಕಳ್ಳಿ. ಆಮೇಲೆ ಮೂಗು ನೋಡಿ, ದವಡೆ ಕೆಳಗೆ ಗಂಟು ಐತಾ ಮುಟ್ಟಿ ನೋಡಿ, ನಾಲ್ಕೂ ಕಾಲಿನ ಒಳಭಾಗಕ್ಕೆ, ಅದರಲ್ಲೂ ಹಿಂಗಾಲಿನ ಒಳತೊಡೆಗೆ ಟಾರ್ಚ್ ಬಿಟ್ಟು ನೋಡಿ.

ಹುಡುಕ್ತಿರೋದು ಗ್ಲ್ಯಾಂಡರ್ಸ್ ಅನ್ನೋ ಕಾಯಿಲೇನ. ಅದರಲ್ಲಿ ಒಂದೇ ಒಂದು ಹುಣ್ಣು ಇರಲ್ಲ, ಮಣಿ ಪೋಣಿಸಿದಂಗೆ ಸಾಲಾಗಿ ಗಂಟು ಎದ್ದು, ಒಂದೊಂದೇ ಒಡೆದು, ಜೇನುತುಪ್ಪದ ಥರ ಅಂಟು ಎಣ್ಣೆಯಂಥ ಕೀವು ಬರುತ್ತೆ. ಜೊತೆಗೆ ಮೂಗಿಂದ ಹಳದಿ-ಹಸಿರು ಸಿಂಬಳ, ಕೆಮ್ಮು, ಜ್ವರ, ಇಳಿದು ಹೋದ ಮೈ. ಮೂಗು ಸೋರದೆ ಬರೀ ಚರ್ಮದಲ್ಲೇ ಕಾಣಿಸ್ಕೊಳ್ಳೋದೂ ಉಂಟು.

ಹಿಂಗೆ ಕಂಡ್ರೆ ಅಲ್ಲೇ ನಿಲ್ಲಿಸ್ಬಿಡಿ. ತೊಳೀಬೇಡಿ, ಹಿಂಡಬೇಡಿ, ಕೀವು ಕೈಗೆ ಕಣ್ಣಿಗೆ ತಾಗಿಸ್ಕಬೇಡಿ, ಇದು ಮನುಷ್ಯರಿಗೂ ಅಂಟೋ ಕಾಯಿಲೆ. ಆ ಕುದುರೆಯ ಬಕೆಟ್ಟು, ಹುಲ್ಲು, ಲಗಾಮು ಬೇರೆ ಮಾಡಿ, ಬೇರೆ ಊರಿಗೆ ಹೊಡ್ಕಂಡು ಹೋಗಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಇಲ್ಲಾ ತಾಲೂಕು ಪಶು ಆಸ್ಪತ್ರೆಗೆ ತಿಳಿಸಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆ ಪ್ರಕಾರ ತಿಳಿಸೋದು ಕಡ್ಡಾಯ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರೋ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೂ ಹೋಗುತ್ತೆ. ಖಚಿತ ಆದ್ರೆ ಕುದುರೆಗೆ ಚಿಕಿತ್ಸೆ ಇಲ್ಲ, ದಯಾಮರಣನೇ, ಅದಕ್ಕೆ ಸರ್ಕಾರದಿಂದ ಪರಿಹಾರ ಸಿಗುತ್ತೆ. ಇದೇ ಭಯಕ್ಕೆ ಮುಚ್ಚಿಡೋರು ಇದಾರೆ, ಆದ್ರೆ ಆ ಕುದುರೆ ಜೊತೆ ದಿನಾ ಮಲಗಿ ಏಳೋದು ನಮ್ಮ ಮನೆ ಹುಡುಗರೇ ಅಲ್ವಾ.

ಅಂದಹಾಗೆ ಅಕ್ಕಪಕ್ಕದೋರು "ಇದು ಚರ್ಮಗಂಟು ರೋಗ" ಅಂತ ಹೇಳ್ತಾರೆ, ಅದು ದನ ಎಮ್ಮೆಗೆ ಬರೋದು, ಕುದುರೆಗೆ ಬರಲ್ಲ.

## ಹಂತ 2: ಎಲ್ಲಿ ಎದ್ದೈತೆ ಅನ್ನೋದ್ರಲ್ಲೇ ಅರ್ಧ ಉತ್ತರ

ಬೆನ್ನು, ಎದೆ, ಹೊಟ್ಟೆ ಪಟ್ಟಿ ಜಾಗ, ಬಾಯಿ ಮೂಲೆ. ಇದು ಸಾಮಾನಿನ ತಪ್ಪು. ಜೀನು, ಪಟ್ಟಿ, ಕಡಿವಾಣ ಒತ್ತಿ ಆಗಿರೋದು. ಕುರಿ ಮಂದೆ ಜೊತೆ ಹೋಗೋ ತಟ್ಟು ಕುದುರೆಗಳಿಗೆ ಗಂಟುಮೂಟೆ, ಬಲೆ, ಪಾತ್ರೆ, ಮರಿಗಳನ್ನೆಲ್ಲಾ ಹೇರ್ತಾರೆ, ಅಲ್ಲಿ ಹಗ್ಗ ಉಜ್ಜಿದ ಜಾಗದಲ್ಲಿ ಉದ್ದುದ್ದಕ್ಕೆ ಆಗಿರುತ್ತೆ. ಮದುವೆ ಕುದುರೆಗಾದ್ರೆ ಜರಿ ಹೊದಿಕೆಯ ಒರಟು ಅಂಚು, ಬಾಲದ ಕೆಳಗಿನ ಪಟ್ಟಿ.

ಒಂದು ಎಚ್ಚರಿಕೆ: ಕುತ್ತಿಗೆ ಮುಗಿದು ಬೆನ್ನು ಶುರುವಾಗೋ ಎತ್ತರದ ಜಾಗದಲ್ಲಿ ಆಳದಿಂದ ಬಿಸಿಯಾಗಿ ಊದಿಕೊಂಡು ನೋವಿದ್ರೆ ಅದನ್ನ ಬ್ಲೇಡ್ ಹಾಕಿ ಕೊಯ್ಯಬೇಡಿ. ಒಳಗೆ ಕೀವಿನ ಚೀಲ ಇರಬಹುದು, ಕೆಲವು ಸಲ ಬ್ರುಸೆಲ್ಲಾ ಅನ್ನೋ ರೋಗಾಣು ಇರುತ್ತೆ, ಅದೂ ಮನುಷ್ಯರಿಗೆ ಅಂಟುತ್ತೆ.

ಕಣ್ಣಿನ ಮೂಲೆ, ತುಟಿ, ಶಿಶ್ನದ ಚೀಲ, ಗೊರಸಿನ ಮೇಲಿನ ಗಿಣ್ಣು. ಬೇಸಿಗೆ ಕೊನೆಯಿಂದ ಮಳೆಗಾಲದವರೆಗೆ ಎದ್ದು ಚಳಿಗಾಲಕ್ಕೆ ತಾನಾಗೇ ಒಣಗಿ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬಂದ್ರೆ ಬಹುತೇಕ ಇದು ನೊಣದ ಹುಣ್ಣು. ಉತ್ತರದ ಕಡೆ ಇದನ್ನೇ ಬರಸಾತಿ ಅಂತಾರೆ, ಮಳೆಗಾಲದ್ದು ಅಂತ. ಸವರಿದ್ರೆ ಅಕ್ಕಿ ನುಚ್ಚಿನಂಥ ಹಳದಿ ಗಟ್ಟಿ ಕಾಳು ಕೈಗೆ ಸಿಗುತ್ತೆ, ನವೆಗೆ ಕುದುರೆ ತಾನೇ ಕಚ್ಕೊಳ್ಳುತ್ತೆ.

ಗೊರಸಿನ ಮೇಲೆ ಹಿಂಭಾಗದ ಮಡಿಕೆ. ಕೆಸರು, ಉಚ್ಚೆ ನೆನೆದ ನೆಲದಲ್ಲಿ ನಿಂತು ಚರ್ಮ ಬಿರಿದು ಹಕ್ಕಳೆ ಕಟ್ಟಿರೋದು. ಭದ್ರಾ ನಾಲೆ ಕಡೆ ಗದ್ದೆ ಬದುವಲ್ಲಿ ಕಟ್ಟೋ ಕುದುರೆಗೆ ಜಾಸ್ತಿ, ಚಳ್ಳಕೆರೆ ಒಣ ನೆಲದಲ್ಲಿ ಕಮ್ಮಿ.

ಇದೇ ಕಾಲಲ್ಲಿ, ಇಲ್ಲಾ ಹೊಟ್ಟೆ ಕೆಳಗೆ, ನಿಂತ ನೀರಲ್ಲಿ ಮೇಯೋ ಕುದುರೆಗೆ ವಾರದಲ್ಲೇ ಕಣ್ಣಿಗೆ ಕಾಣೋಷ್ಟು ದೊಡ್ಡದಾಗಿ, ದಾರ ದಾರವಾಗಿ ಅಂಟು ಸೋರ್ತಾ, ಹವಳದ ಚೂರಿನಂಥ ಬೂದು-ಹಳದಿ ಗಟ್ಟಿ ತುಂಡು ಉದುರ್ತಿದ್ರೆ ಅದು ಪಿಥಿಯೋಸಿಸ್, ಅಂದ್ರೆ ನಿಂತ ನೀರಲ್ಲಿರೋ ಫಂಗಸ್ ಥರದ ರೋಗಾಣುವಿನ ಸೋಂಕು ಇರಬಹುದು. ಮುಲಾಮಿಗೆ ಬಗ್ಗಲ್ಲ, ಬೇಗ ಶಸ್ತ್ರಚಿಕಿತ್ಸೆ ಆದ್ರಷ್ಟೇ ಉಳಿಯೋದು, ಕಾಯಬೇಡಿ.

ಬೆನ್ನು, ಪುಟ್ಟೆ (ಬಾಲದ ಮೇಲಿನ ದುಂಡು ಭಾಗ) ಮೇಲೆ ಸಣ್ಣ ಸಣ್ಣ ಹಕ್ಕಳೆ. ಕಿತ್ತರೆ ಬಣ್ಣದ ಬ್ರಷ್ಷಿನ ತುದಿಯಂಗೆ ಕೂದಲು ಗುಂಪಾಗಿ ಬಂದ್ರೆ ಮಳೆಯಲ್ಲಿ ನೆನೆದು ಬಂದಿದ್ದು. ದುಂಡಗೆ ಕೂದಲು ಉದುರಿ ಬೂದಿ ಥರ ಇದ್ರೆ ಗಜಕರ್ಣ, ಅದು ನಿಮಗೂ ಹತ್ತುತ್ತೆ. ಜೂಲು, ಬಾಲದ ಬುಡ ಉಜ್ಜಿ ಉಜ್ಜಿ ಹುಣ್ಣಾಗಿದ್ರೆ ಸಣ್ಣ ಸೊಳ್ಳೆ ಕಡಿತದ ಅಲರ್ಜಿ.

ಬಿಳಿ ಮಚ್ಚೆ ಇರೋ ಕಡೆ ಮಾತ್ರ ಚರ್ಮ ಸುಟ್ಟಂಗೆ ಸುಲಿದು, ಕಪ್ಪು ಕೂದಲಿನ ಕಡೆ ಚೆನ್ನಾಗಿದ್ರೆ ಬಿಸಿಲಿಗೆ ಆಗಿರೋದು. ಸಾದಾ ಬಿಸಿಲೂ ಇರಬಹುದು, ಯಾವ್ದೋ ಗಿಡ ತಿಂದು ಯಕೃತ್ತು ಕೆಟ್ಟು ಹಿಂಗಾಗಿರಲೂಬಹುದು. ನೆರಳಿಗೆ ಕಟ್ಟಿ, ರಕ್ತ ಪರೀಕ್ಷೆ ಮಾಡ್ಸಿ.

## ಹಂತ 3: ಕಾರಣ ಮೊದಲು ತೆಗೀರಿ

ಜೀನಿನ ಹುಣ್ಣಿಗೆ ಪ್ರಪಂಚದ ಯಾವ ಔಷಧಿ ಹಚ್ಚಿ ಮತ್ತೆ ಜೀನು ಹಾಕಿದ್ರೂ ಅಷ್ಟೇ. ಬೆನ್ನಿಗೆ ಏನೂ ಹಾಕಬಾರದು, ಚರ್ಮ ಮುಚ್ಚಿ ಕೂದಲು ಬರೋವರೆಗೂ, ಮೇಲ್ಮೇಲಿನ ಗಾಯಕ್ಕೂ ಎರಡು ಮೂರು ವಾರ ಬೇಕು. ವೈಶಾಖದ ಮದುವೆ ಸೀಸನ್‌ನಲ್ಲಿ ಈ ಮಾತು ಹೇಳಿದ್ರೆ ಬೈತಾರೆ ಅಂತ ಗೊತ್ತು, ನಾನೇ ಬೈದಿದೀನಿ.

ಆಗ ನಾನು ಏನ್ ಮಾಡ್ದೆ ಅಂದ್ರೆ ಬಹಳ ಬುದ್ಧಿವಂತನ ಥರ ಜೀನಿನ ಕೆಳಗಿನ ಕಂಬಳಿಗೆ ಹುಣ್ಣಿನ ಅಳತೆಗೆ ಒಂದು ತೂತು ಕೊಯ್ದೆ, ಹುಣ್ಣಿಗೆ ಏನೂ ತಾಗಲ್ಲ ಅಂತ. ನಾಲ್ಕು ಮೆರವಣಿಗೆ ಆದ್ಮೇಲೆ ತೂತಿನ ಅಂಚು ಒತ್ತಿ ಒತ್ತಿ ಹಳೇ ಹುಣ್ಣಿನ ಸುತ್ತ ಬಳೆ ಇಟ್ಟಂಗೆ ಹೊಸ ಹುಣ್ಣು. ಈಗ್ಲೂ ಆ ಕುದುರೆ ಬೆನ್ನ ಮೇಲೆ ಬಿಳಿ ಕೂದಲಿನ ಉಂಗುರ ಐತೆ, ಒತ್ತಡಕ್ಕೆ ಕೂದಲಿನ ಬುಡ ಸತ್ತರೆ ಮತ್ತೆ ಬಿಳೀದೇ ಹುಟ್ಟೋದು.

ಜೀನು ಎಲ್ಲಿ ಒತ್ತುತ್ತೆ ಅಂತ ತಿಳಿಯೋಕೆ ಖರ್ಚಿಲ್ಲದ ಉಪಾಯ: ಚೆನ್ನಾಗಿ ಬೆವರಿದ ಮೇಲೆ ಜೀನು ಇಳಿಸಿ ತಕ್ಷಣ ಬೆನ್ನು ನೋಡಿ. ಸುತ್ತ ಬೆವರಿದ್ದು ಮಧ್ಯೆ ಒಂದು ಕಡೆ ಮಾತ್ರ ಒಣಗಿದ್ರೆ ಅಲ್ಲಿ ಒತ್ತಡ ಜಾಸ್ತಿ, ಬೆವರೇ ಬರದಷ್ಟು. "ಅಲ್ಲಿ ಒಣಗೈತೆ, ಗಾಳಿ ಆಡ್ತೈತೆ" ಅಂತ ತಪ್ಪು ತಿಳ್ಕಳ್ಳೋರೇ ಜಾಸ್ತಿ.

ನೊಣದ ಹುಣ್ಣಿಗೆ ಕಾರಣ ತಿಪ್ಪೆ. ಈ ಹುಣ್ಣು ತರೋ ಹುಳ ಕುದುರೆ ಹೊಟ್ಟೇಲಿ ಇರುತ್ತೆ, ಮರಿ ಲದ್ದಿ ಜೊತೆ ಹೊರಗೆ ಬರುತ್ತೆ, ಲದ್ದೀಲಿರೋ ನೊಣದ ಹುಳ ಅದನ್ನ ತಿನ್ನುತ್ತೆ, ಬೆಳೆದ ನೊಣ ಹೋಗಿ ಕುದುರೆ ತುಟಿ ಮೇಲೆ ಕೂತ್ರೆ ಮರಿ ಮತ್ತೆ ಹೊಟ್ಟೆಗೆ ಸೇರುತ್ತೆ, ಗಾಯದ ಮೇಲೋ ಕಣ್ಣಿನ ಮೂಲೆಯಲ್ಲೋ ಕೂತ್ರೆ ಅಲ್ಲೇ ಇಳಿದು ದಾರಿ ತಪ್ಪಿ ಚರ್ಮ ಕೆರಳಿಸ್ತಾ ಕೂರುತ್ತೆ. ಹಂಗಾಗಿ ಲದ್ದಿ ದಿನಾ ತೆಗೆದು ದೂರ ಹಾಕಬೇಕು, ಕುದುರೆ ಕಟ್ಟೋ ಜಾಗದ ಪಕ್ಕದಲ್ಲೇ ತಿಪ್ಪೆ ಇಟ್ಕಂಡು ನೊಣದ ಹುಣ್ಣಿಗೆ ಔಷಧಿ ಕೇಳಬಾರದು.

ಕಾಲಿನ ಮಡಿಕೆ ಹುಣ್ಣಿಗೆ ಒಣ ನೆಲ. ಅಷ್ಟೇ.

## ಹಂತ 4: ಕೂದಲು ತೆಗೆದು, ತೊಳೆದು, ಒಳಗೆ ನೋಡಿ

ಗಾಯದ ಮೇಲೆ ಮೊದಲು ಉಪ್ಪುನೀರಲ್ಲಿ ನೆನೆಸಿದ ಗಾಜ್ ಮುಚ್ಚಿ, ಆಮೇಲೆ ಸುತ್ತ ಎರಡು ಬೆರಳಗಲ ಕೂದಲು ಕತ್ತರಿಸಿ. ಮುಚ್ಚದೆ ಕತ್ತರಿಸಿದ್ರೆ ಕೂದಲೆಲ್ಲಾ ಗಾಯದೊಳಗೆ ಬೀಳುತ್ತೆ, ಅದನ್ನ ಆರಿಸೋದರಲ್ಲೇ ಸಾಕಾಗುತ್ತೆ.

ಗಟ್ಟಿ ಹಕ್ಕಳೆ ಕೀಳಬೇಡಿ, ಒದ್ದೆ ಗಾಜ್ ಹತ್ತು ಹದಿನೈದು ನಿಮಿಷ ಇಟ್ರೆ ಮೆತ್ತಗಾಗಿ ತಾನೇ ಬರುತ್ತೆ. ಸಿರಿಂಜಿನಿಂದ ಉಪ್ಪುನೀರು ಚಿಮ್ಮಿಸಿ ತೊಳೀರಿ, ಅರ್ಧ ಲೀಟರ್ ಆದ್ರೂ ಹೋಗಲಿ. ಕೊನೇಲಿ ಅಯೋಡಿನ್ ನೀರು: ಬಾಟ್ಲಿ ಮೇಲೆ 10 ಪರ್ಸೆಂಟ್ ಅಂತಿದ್ರೆ ಲೀಟರಿಗೆ 10 ಎಂಎಲ್, 5 ಪರ್ಸೆಂಟ್ ಅಂತಿದ್ರೆ 20 ಎಂಎಲ್. ನೋಡೋಕೆ ಹಾಲಿಲ್ಲದ ತೆಳು ಟೀ ಥರ ಇರಬೇಕು. ಬಾಟ್ಲಿಯಿಂದ ನೇರ ಸುರೀಬೇಡಿ, ಗಟ್ಟಿ ಅಯೋಡಿನ್ ರೋಗಾಣು ಜೊತೆ ಹೊಸ ಚರ್ಮನೂ ಕೊಲ್ಲುತ್ತೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರೋದು ನೋಡೋಕೆ ಖುಷಿ, ದಿನಾ ಹಾಕಿದ್ರೆ ಅದೂ ಇದೇ ಕೆಲಸ ಮಾಡುತ್ತೆ.

ಫಿನಾಯಿಲ್, ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್, ಸುಣ್ಣ, ಬ್ಯಾಟರಿ ಪುಡಿ ಇವನ್ನ ಹಾಕಿರೋದು ನಾನೇ ಕಣ್ಣಾರೆ ನೋಡಿದೀನಿ. ಬೇಡ.

ತೊಳೆದ ಮೇಲೆ ಟಾರ್ಚ್ ಹಿಡಿದು ನೋಡಿ. ಕೀಲಿನ ಹತ್ರ ಇರೋ ಗಾಯದಿಂದ ಅಂಟಂಟಾದ ತಿಳಿ ಹಳದಿ ನೀರು ಬರ್ತಿದ್ರೆ, ಮೂಳೆಯೋ ನರದಂಥ ಬಿಳಿ ಪಟ್ಟಿಯೋ ಕಂಡ್ರೆ, ಗಾಯ ಚಿಕ್ಕದಿದ್ರೂ ಕುದುರೆ ಕಾಲು ಊರದಿದ್ರೆ ಅವತ್ತೇ ಡಾಕ್ಟರ್ ಬರಬೇಕು. ಕೀಲಿನೊಳಗೆ ಸೋಂಕು ಹೋದ್ರೆ ಆ ಕಾಲು ಹೋದಂಗೇ. ದೊಡ್ಡ ಕೇಸಾದ್ರೆ ಶಿವಮೊಗ್ಗ ಪಶು ವೈದ್ಯಕೀಯ ಕಾಲೇಜು ನಮಗೆ ಹತ್ರ.

ಧನುರ್ವಾಯು ಇಂಜೆಕ್ಷನ್ ಮರೀಬೇಡಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯು ಕುದುರೆಗೆ ಬಂದಷ್ಟು ಸುಲಭವಾಗಿ ಬೇರೆ ಯಾವ್ದಕ್ಕೂ ಬರಲ್ಲ, ಸಣ್ಣ ಮೊಳೆ ಚುಚ್ಚಿದ್ರೂ ಸಾಕು. ಹಿಂದೆ ಹಾಕಿಸಿದ್ದು ನೆನಪಿಲ್ಲ ಅಂದ್ರೆ ಹಾಕಿಸಿಲ್ಲ ಅಂತಲೇ ಡಾಕ್ಟರಿಗೆ ಹೇಳಿ, ಆಗ ಅವರು ಕೊಡೋ ಇಂಜೆಕ್ಷನ್ ಬೇರೆ ಇರುತ್ತೆ. ಕಣ್ಣಿನ ಒಳಮೂಲೆಯಿಂದ ಪರದೆ ಮುಂದೆ ಬಂದ್ರೆ, ಬಾಲ ಎತ್ಕಂಡು ಮರದ ಕುದುರೆ ಥರ ನಡೆದ್ರೆ, ದವಡೆ ಬಿಡದಿದ್ರೆ ಒಂದು ಗಂಟೆನೂ ತಡ ಮಾಡಬಾರದು.

## ಹಂತ 5: ಹುಳ ಬಿದ್ದಿದ್ರೆ

ಕೆಟ್ಟ ವಾಸನೆ, ರಕ್ತ ಬೆರೆತ ನೀರು, ಗಾಯ ಒಳಗೊಳಗೇ ಗುಂಡಿ ಬಿದ್ದಂಗೆ ಕಂಡ್ರೆ ಹುಳ ಇರ್ತವೆ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿ ಹಿಂಡಿದ ಗಾಜ್ ತುಂಡು ಐದು ಹತ್ತು ನಿಮಿಷ ಗಾಯದ ಬಾಯಿಗೆ ಇಟ್ರೆ ಉಸಿರಿಗೆ ಮೇಲೆ ಬರ್ತವೆ, ಚಿಮಟದಲ್ಲಿ ಒಂದೊಂದೇ ತೆಗೀರಿ, ಎಣಿಸ್ಕಂಡ್ರೆ ಒಳ್ಳೇದು. ಆಮೇಲೆ ಆ ಎಣ್ಣೆ ಒಂಚೂರೂ ಉಳೀದಂಗೆ ಉಪ್ಪುನೀರಲ್ಲಿ ತೊಳೀರಿ. ಎಣ್ಣೆ ಸುರಿದು ಹಂಗೇ ಬಿಟ್ರೆ ಹುಳ ಒಳಗೇ ಸತ್ತು ಕೊಳೀತವೆ, ಚರ್ಮನೂ ಸುಡುತ್ತೆ. ಕಣ್ಣಿನ ಹತ್ರ, ಶಿಶ್ನದ ಹತ್ರ ಟರ್ಪೆಂಟೈನ್ ಬೇಡವೇ ಬೇಡ. ಮಾರನೇ ದಿನ, ಅದರ ಮಾರನೇ ದಿನ ಮತ್ತೆ ನೋಡಿ, ಒಂದೇ ಸಲಕ್ಕೆ ಎಲ್ಲಾ ಬರಲ್ಲ.

## ಹಂತ 6: ಈಗ ಔಷಧಿ

ಒತ್ತಿ ಆದ ಸಾದಾ ಗಾಯಕ್ಕೆ ತೆಳ್ಳಗೆ ಅಯೋಡಿನ್ ಮುಲಾಮು, ಗಾಯದ ಸುತ್ತ ಬೇವಿನೆಣ್ಣೆ ಇಲ್ಲಾ ನೊಣ ಓಡಿಸೋ ಮುಲಾಮು, ಗಾಯದ ಕೆಳಗೆ ನೀರು ಇಳಿಯೋ ಜಾಗಕ್ಕೆ ವ್ಯಾಸಲೀನ್. ಕೊನೇದನ್ನ ಯಾರೂ ಮಾಡಲ್ಲ, ಸೋರೋ ನೀರಿಗೇ ಕೆಳಗಿನ ಚರ್ಮ ಬೆಂದು ಹೊಸ ಹುಣ್ಣಾಗಿರುತ್ತೆ.

ನೊಣದ ಹುಣ್ಣಿಗೆ ಮೇಲೆ ಹಚ್ಚೋದಕ್ಕಿಂತ ಬಾಯಿಗೆ ಕೊಡೋ ಹುಳದ ಔಷಧಿ ಐವರ್‌ಮೆಕ್ಟಿನ್ ಮುಖ್ಯ, ಕೆಜಿಗೆ 0.2 ಮಿಲಿಗ್ರಾಂ. ತೂಕ ಅಂದಾಜಿಗೆ ಹೇಳಬೇಡಿ, ಟೇಪ್ ಹಿಡೀರಿ: ಮುಂಗಾಲಿನ ಹಿಂದೆ ಎದೆ ಸುತ್ತಳತೆ ಸೆಂಟಿಮೀಟರ್‌ನಲ್ಲಿ, ಅದನ್ನ ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪುಟ್ಟೆ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 135 ಇದ್ರೆ ಸುಮಾರು 256 ಕೆಜಿ, ಔಷಧಿ ಸುಮಾರು 51 ಮಿಲಿಗ್ರಾಂ. ಈ ಅಳತೆ ಡಾಕ್ಟರಿಗೆ ಹೇಳಿ, ಊತ ಇಳಿಸೋ ಔಷಧಿನೂ ಬೇಕಾಗಬಹುದು, ಅದನ್ನ ಅವರೇ ಬರೀಬೇಕು.

ದನಕ್ಕೆ ಚರ್ಮದಡಿ ಕೊಡೋ ಐವರ್‌ಮೆಕ್ಟಿನ್ ಇಂಜೆಕ್ಷನ್ ಕುದುರೆಗೆ ಚುಚ್ಚಬೇಡಿ, ಚುಚ್ಚಿದ ಜಾಗ ಊದಿ ಕೊಳೆತು ಪ್ರಾಣ ಹೋಗಿರೋದುಂಟು. ಇದಕ್ಕಿಂತ ದೊಡ್ಡ ತಪ್ಪು ಅಮಿಟ್ರಾಜ್. ಕುರಿ ದನಕ್ಕೆ ಉಣ್ಣೆಗೆ ಹೊಡೆಯೋ ಔಷಧಿ, ಕುರಿ ಮಂದೆ ಇದ್ದ ಕಡೆ ಕೈಗೆ ಸುಲಭವಾಗಿ ಸಿಗುತ್ತೆ, "ಕುದುರೆಗೂ ಒಂದು ಕೈ ಹೊಡೆದುಬಿಡು" ಅಂತಾರೆ. ಕುದುರೆಯ ಕರುಳು ನಿಂತು ಹೊಟ್ಟೆನೋವಿಗೆ ಬಿದ್ದು ಒದ್ದಾಡುತ್ತೆ. ಬಾಟ್ಲಿ ಮೇಲೆ ಆ ಹೆಸರು ಐತಾ ಓದಿ ಆಮೇಲೆ ಕೈ ಹಾಕಿ.

ಹಂಗೇ ದನಕ್ಕೆ ತಂದು ಉಳಿದ ಆಂಟಿಬಯೋಟಿಕ್. ಲಿಂಕೋಮೈಸಿನ್ ಥರದವು ಕುದುರೆ ಕರುಳಿನ ಒಳ್ಳೇ ಸೂಕ್ಷ್ಮಾಣುಗಳನ್ನ ಕೊಂದು ನಿಲ್ಲದ ಭೇದಿ ತರಿಸ್ತವೆ, ಹುಣ್ಣಿಂದ ಸಾಯದ ಕುದುರೆ ಭೇದಿಯಿಂದ ಸಾಯುತ್ತೆ.

ಮಳೆ ಹಕ್ಕಳೆ, ಕಾಲಿನ ಮಡಿಕೆ ಎರಡಕ್ಕೂ ರೋಗಾಣು ಕೊಲ್ಲೋ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹತ್ತು ನಿಮಿಷ ಬಿಟ್ಟು ತೊಳೆದು ಬಟ್ಟೇಲಿ ಒತ್ತಿ ಪೂರ್ತಿ ಒಣಗಿಸಿ. ಒದ್ದೆ ಮೇಲೆ ಎಣ್ಣೆ ಹಚ್ಚಿದ್ರೆ ಒಳಗೇ ಕೊಳೆಯುತ್ತೆ. ಗಜಕರ್ಣಕ್ಕೆ ಫಂಗಸ್ ಔಷಧಿ, ಜೊತೆಗೆ ಆ ಕುದುರೆಯ ಬ್ರಷ್ಷು, ಹೊದಿಕೆ ಬೇರೆ. ಸೊಳ್ಳೆ ಅಲರ್ಜಿಗೆ ಸಂಜೆ ಬೆಳಗಿನ ಜಾವ ಸೊಳ್ಳೆ ತಾಗದಂಗೆ ಕಟ್ಟೋದೇ ಚಿಕಿತ್ಸೆ.

## ಹಂತ 7: ದಿನಾ ಒಂದು ಫೋಟೋ, ಪಕ್ಕದಲ್ಲಿ ಒಂದು ನಾಣ್ಯ

ಒಂದೇ ಹೊತ್ತಿಗೆ ಒಂದೇ ದೂರದಿಂದ ಫೋಟೋ ತೆಗೀರಿ, ಗಾಯದ ಪಕ್ಕ ಐದು ರೂಪಾಯಿ ನಾಣ್ಯ ಹಿಡೀರಿ. ದಿನಾ ನೋಡೋ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ನಾಣ್ಯಕ್ಕೆ ಹೋಲಿಸಿದ್ರೆ ಗೊತ್ತಾಗುತ್ತೆ.

ವಾಸಿ ಆಗ್ತಿರೋ ಗಾಯ ತಿಳಿ ಗುಲಾಬಿ, ಚರ್ಮದ ಮಟ್ಟಕ್ಕೆ ಸಮ, ಅಂಚಿಂದ ತೆಳು ಚರ್ಮ ಒಳಗೆ ಬರ್ತಿರುತ್ತೆ. ಅದು ಬಿಟ್ಟು ಚರ್ಮಕ್ಕಿಂತ ಮೇಲೆದ್ದು ಹೂಕೋಸಿನ ಥರ ಕೆಂಪಗೆ, ಮುಟ್ಟಿದ್ರೆ ರಕ್ತ, ಆದ್ರೆ ಕುದುರೆಗೆ ನೋವೇ ಇಲ್ಲ ಅಂದ್ರೆ ದುರ್ಮಾಂಸ ಬೆಳೀತೈತೆ. ಮೊಣಕಾಲಿಂದ ಕೆಳಗಿನ ಗಾಯದಲ್ಲಿ ಇದು ಬಹಳ. ನಾನು ಒಂದ್ಸಲ ಇದಕ್ಕೆ ಮೈಲುತುತ್ತ ಹಾಕಿದ್ದೆ, ದುರ್ಮಾಂಸ ಕರಗೋ ಬದಲು ಸುತ್ತಲ ಒಳ್ಳೇ ಚರ್ಮ ಕರಗಿ ಗಾಯ ದುಪ್ಪಟ್ಟಾಯ್ತು, ಒಂದು ತಿಂಗಳಲ್ಲಿ ಮುಗಿಯೋದು ನಾಲ್ಕು ತಿಂಗಳು ಹಿಡೀತು. ಡಾಕ್ಟರ್ ಬ್ಲೇಡಿನಲ್ಲಿ ಚರ್ಮದ ಮಟ್ಟಕ್ಕೆ ಸವರಿ ಪಟ್ಟಿ ಕಟ್ತಾರೆ, ಅದೇ ಸರಿ ದಾರಿ. ರಕ್ತ ಬಹಳ ಬರುತ್ತೆ, ಗಾಬರಿ ಬೇಡ.

ಎರಡು ವಾರ ಸರಿಯಾಗಿ ನೋಡ್ಕಂಡ್ರೂ ಫೋಟೋದಲ್ಲಿ ನಾಣ್ಯದ ಪಕ್ಕ ಹುಣ್ಣು ಒಂಚೂರೂ ಸಣ್ಣದಾಗಿಲ್ಲ ಅಂದ್ರೆ ಔಷಧಿ ಬದಲಾಯಿಸೋದಲ್ಲ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ ಅಂತ ಡಾಕ್ಟರಿಗೆ ಕೇಳಿ. ಸಾರ್ಕಾಯ್ಡ್ ಅನ್ನೋ ಚರ್ಮದ ಗೆಡ್ಡೆ, ಕಣ್ಣಿನ ಸುತ್ತ ಬರೋ ಕ್ಯಾನ್ಸರ್ ಎರಡೂ ನೋಡೋಕೆ ಮಾಮೂಲಿ ಹುಣ್ಣಿನ ಥರಾನೇ ಇರ್ತವೆ. ಗಂಟು ಅಂತ ದಾರ ಕಟ್ಟೋದು, ಕೊಯ್ಯೋದು ಮಾಡಿದ್ರೆ ಸಾರ್ಕಾಯ್ಡ್ ಇನ್ನೂ ಜೋರಾಗಿ ಬೆಳೆಯುತ್ತೆ.

ಕೆಲಸಕ್ಕೆ ಕಟ್ಟೋ ದಿನ: ಹೊಸ ಕೂದಲು ಪೂರ್ತಿ ಬಂದಿರಬೇಕು, ಬೆರಳಲ್ಲಿ ಗಟ್ಟಿಯಾಗಿ ಒತ್ತಿದ್ರೆ ಚರ್ಮ ಅದುರಬಾರದು, ಕಿವಿ ಹಿಂದಕ್ಕೆ ಮಡಚಬಾರದು. ಮೊದಲ ದಿನ ಬರೀ ಜೀನು, ಮೇಲೆ ಯಾರೂ ಇಲ್ಲ, ಹದಿನೈದು ನಿಮಿಷ ನಡೆಸಿ ಇಳಿಸಿ ನೋಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ಕೈಯಾಡಿಸಿ, ಯಾಕಂದ್ರೆ ಒತ್ತಡದ ಊತ ಜೀನು ಇಳಿಸಿದ ತಕ್ಷಣ ಕಾಣಲ್ಲ, ರಕ್ತ ವಾಪಸ್ ಓಡಾಡೋಕೆ ಶುರುವಾದ ಮೇಲೆ ಏಳುತ್ತೆ. ಊತ ಎದ್ರೆ ಅವತ್ತಿಂದ ಮತ್ತೆ ಒಂದು ವಾರ ಬೆನ್ನು ಖಾಲಿ, ಬ್ಯಾಂಡ್‌ನೋರು ಎಷ್ಟು ಫೋನ್ ಮಾಡಿದ್ರೂ.